ಬಿಲ್ಲು ಬಾರದ ಊಟ

ಕೊಟ್ಟಿಗೆಹಾರ ದಾಟಿ ಕಳಸದ ದಾರಿ ಹಿಡಿದ ಬಸ್ಸಿನಲ್ಲಿ ಮಕ್ಕಳು ತಿರುವುಗಳನ್ನು ಎಣಿಸಲು ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ಎರಡೂ ಬದಿ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕಣಿವೆಯಲ್ಲಿ ಅಡಿಕೆ. ಕಳಸದಿಂದ ಮುಂದೆ ಭದ್ರಾ ನದಿ ದಾಟಿದರೆ ಮತ್ತೆ ಕಾಡು, ಮತ್ತೆ ತಿರುವು. ಹೊರನಾಡು ಮುಟ್ಟುವ ಹೊತ್ತಿಗೆ ಯಾರಿಗೂ ಪ್ರಕೃತಿಯ ಸೊಬಗನ್ನು ವರ್ಣಿಸುವ ಉತ್ಸಾಹ ಉಳಿದಿರುವುದಿಲ್ಲ. ಮಕ್ಕಳದು ಒಂದೇ ಪ್ರಶ್ನೆ: “ಅಮ್ಮಾ, ಊಟ ಎಷ್ಟು ಹೊತ್ತಿಗೆ?”

ಈ ಊರಿನಲ್ಲಿ ಆ ಪ್ರಶ್ನೆಗೆ ಸಂಕೋಚಪಡಬೇಕಾಗಿಲ್ಲ. ಇಲ್ಲಿನ ದೇವಿಯ ಹೆಸರೇ ಅನ್ನಪೂರ್ಣೇಶ್ವರಿ. ಜಗತ್ತೆಲ್ಲ ಮಾಯೆ, ಅನ್ನವೂ ಮಾಯೆ ಎಂದು ಶಿವ ವಾದಿಸಿದನಂತೆ. ಪಾರ್ವತಿ ಕಣ್ಮರೆಯಾದಳು, ಲೋಕದಲ್ಲಿ ಅನ್ನವೇ ಇಲ್ಲವಾಯಿತು. ಕೊನೆಗೆ ಶಿವನೇ ಭಿಕ್ಷಾಪಾತ್ರೆ ಹಿಡಿದು ಅವಳ ಮುಂದೆ ನಿಲ್ಲಬೇಕಾಯಿತು. ಹಸಿದ ಹೊಟ್ಟೆಯ ಮುಂದೆ ತತ್ವಜ್ಞಾನ ನಡೆಯುವುದಿಲ್ಲ ಎಂಬುದನ್ನು ಪುರಾಣ ಇಷ್ಟು ಸರಳವಾಗಿ ಹೇಳಿದೆ.

ಚಿಕ್ಕಮಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದ ಹೊರನಾಡು ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಈಗ ಕಳಸ ತಾಲ್ಲೂಕಿನಲ್ಲಿದೆ. ಹಳೆಯ ದೇವಾಲಯದ ಜೀರ್ಣೋದ್ಧಾರ 1973ರಲ್ಲಿ, ಐದನೆಯ ಧರ್ಮಕರ್ತರಾಗಿದ್ದ ಡಿ.ಬಿ. ವೆಂಕಟಸುಬ್ಬಾ ಜೋಯಿಸರ ಕಾಲದಲ್ಲಿ ನಡೆಯಿತು. ಬಂದವರೆಲ್ಲರಿಗೂ ಇಲ್ಲಿ ಉಚಿತ ಊಟವುಂಟು. ಚೀಟಿ ಇಲ್ಲ, ಬಿಲ್ಲೂ ಇಲ್ಲ. ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ – ಇಷ್ಟೇ. ಮಲೆನಾಡಿನ ಯಾವ ಮನೆಯಲ್ಲೂ ಸಿಗುವಂಥ ಸಾದಾ ಊಟ. ಆದರೂ ಅದನ್ನು ಉಂಡವರು ವರ್ಷಗಟ್ಟಲೆ ಅದರ ಮಾತಾಡುತ್ತಾರೆ. ದಾರಿಯ ದಣಿವು, ಬೆಟ್ಟದ ಹವೆ, ಬಿಸಿ ಸಾರು ಮೂರೂ ಕೂಡಿದರೆ ರುಚಿಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಕಾಯುವುದೂ ಊಟದ ಭಾಗ

ಪಂಕ್ತಿಯಲ್ಲಿ ಕುಳಿತ ಹುಡುಗನಿಗೆ ಮೊದಲು ಎದುರಾಗುವ ಪಾಠ ಕಾಯುವುದು. ಮನೆಯಲ್ಲಿ ಟಿ.ವಿ. ನೋಡುತ್ತಲೋ ಮೊಬೈಲ್ ಒತ್ತುತ್ತಲೋ ತಟ್ಟೆಗೆ ಕೈಹಾಕುವವನು ಇಲ್ಲಿ ಸುಮ್ಮನೆ ಕೂರಬೇಕು. ಸಾಲಿನ ಕೊನೆಯವರಿಗೂ ಅನ್ನ ಬೀಳಬೇಕು, ಆಮೇಲೆ ತುತ್ತು. ತನ್ನದು ಮುಗಿಯಿತೆಂದು ಪಕ್ಕದ ಅಜ್ಜಿ ಇನ್ನೂ ಉಣ್ಣುತ್ತಿರುವಾಗ ದಡಬಡನೆ ಏಳುವುದು ಮರ್ಯಾದೆಯಲ್ಲ. ಬಡಿಸುವವರು ಬಕೆಟ್ಟು ಹಿಡಿದು ಬಂದಾಗ ಬೇಕಾದಷ್ಟೇ ಹಾಕಿಸಿಕೊಳ್ಳಬೇಕು. ಬೇಡವಾದರೆ ಕೈ ಅಡ್ಡ ಹಿಡಿಯಬೇಕು. ಇವನ್ನು ಯಾರೂ ಬರೆದು ಹಾಕಿಲ್ಲ. ಹಿರಿಯರನ್ನು ನೋಡಿ ಕಿರಿಯರು ಕಲಿಯುತ್ತ ಬಂದದ್ದು.

ಇದೆಲ್ಲ ಹಳೇ ಕಾಲದ ಕಟ್ಟಳೆ ಎಂದು ಮೂಗು ಮುರಿಯುವ ಮಕ್ಕಳು ಈಚೆಗೆ ತಾವೇ ಮೆಚ್ಚಿ ನೋಡುವ ಕೊರಿಯಾ ಧಾರಾವಾಹಿಗಳ ಊಟದ ದೃಶ್ಯಗಳನ್ನು ಗಮನಿಸಬಹುದು. ಹಿರಿಯರು ಚಮಚ ಎತ್ತುವ ತನಕ ಅಲ್ಲಿ ಕಿರಿಯರು ಎತ್ತುವುದಿಲ್ಲ. ಸಣ್ಣಪುಟ್ಟ ಊಟದ ಮನೆಗಳಲ್ಲೂ ಅನ್ನದ ಜೊತೆಗೆ ಕಿಮ್ಚಿ, ಸೊಪ್ಪು, ಮೊಳಕೆಕಾಳುಗಳನ್ನು ಪುಟ್ಟ ಬಟ್ಟಲುಗಳಲ್ಲಿ ತಂದಿಡುತ್ತಾರೆ. ‘ಬಾನ್‌ಚಾನ್’ ಎಂಬ ಈ ವ್ಯಂಜನಗಳಿಗೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ಮುಗಿದರೆ ಮತ್ತೆ ಕೇಳಬಹುದು. ಕುಶಲ ವಿಚಾರಿಸುವಾಗ ಕೊರಿಯಾದವರು “ಅನ್ನ ಉಂಡೆಯಾ?” ಎಂದು ಕೇಳುವ ವಾಡಿಕೆಯಿದೆ. ನಮ್ಮ “ಊಟ ಆಯ್ತಾ?” ಬೇರೇನು? ಹಸಿವು ಕಂಡ ಜನರೆಲ್ಲರ ಮಾತು ಒಂದೇ ಕಡೆ ಬಂದು ಸೇರುತ್ತದೆ.

ಹಂಗಿನ ಅನ್ನ, ಹಕ್ಕಿನ ಅನ್ನ

ಉಚಿತ ಊಟವೆಂದರೆ ಸಾಕು, ಕೆಲವು ಮಕ್ಕಳಿಗೆ ನಾಚಿಕೆ. ಕೆಲವು ತಂದೆತಾಯಿಗಳಿಗೆ ಕೀಳರಿಮೆ. ಅವರು ಒಮ್ಮೆ ಮನೆಯ ಹಿರಿಯರನ್ನು ಕೇಳಿ ನೋಡಬೇಕು. ಹಾಸ್ಟೆಲುಗಳು ವಿರಳವಾಗಿದ್ದ ಕಾಲದಲ್ಲಿ ಹಳ್ಳಿಯಿಂದ ಪೇಟೆಗೆ ಓದಲು ಬಂದ ಎಷ್ಟೋ ಹುಡುಗರು ‘ವಾರಾನ್ನ’ದಲ್ಲಿ ಬೆಳೆದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾವುದಾದರೂ ವಾರ ಮನೆ ಸಿಗದಿದ್ದರೆ ಅಂದು ನೀರೇ ಗತಿ. ಆ ಅನ್ನವೂ ಬಹುಮಟ್ಟಿಗೆ ಜಾತಿ ನೋಡಿಯೇ ಸಿಗುತ್ತಿತ್ತು ಎಂಬುದನ್ನು ಮರೆಯಬಾರದು. ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ನಮ್ಮ ನಾಡಿನಲ್ಲಿ ಸುಲಭವಾಗಿ ಬಂದದ್ದಲ್ಲ.

ಹನ್ನೆರಡನೆಯ ಶತಮಾನದ ಶರಣರು ‘ದಾಸೋಹ’ ಎಂಬ ಮಾತಿಗೆ ಹೊಸ ತೂಕ ಕೊಟ್ಟರು. ಕೊಡುವವನು ದೊಡ್ಡವನಲ್ಲ, ದಾಸ ಎಂಬ ಭಾವ ಅದರೊಳಗಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನದ ಜೊತೆ ಅಕ್ಷರವನ್ನೂ ಬಡಿಸಿದರು. ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶಿಸಿತು. ಕರ್ನಾಟಕದ ಬಿಸಿಯೂಟ ಯೋಜನೆ 2002ರಲ್ಲಿ ಮೊದಲು ಏಳು ಜಿಲ್ಲೆಗಳಲ್ಲಿ ಶುರುವಾಯಿತು. ಸರ್ಕಾರ ಅದಕ್ಕೆ ಇಟ್ಟ ಹೆಸರೂ ‘ಅಕ್ಷರ ದಾಸೋಹ’ವೇ. ದಾನವಾಗಿದ್ದ ಅನ್ನ ಮಗುವಿನ ಹಕ್ಕಾಯಿತು. ಹೊರನಾಡಿನ ಪಂಕ್ತಿಯಲ್ಲಿ ಕುಳಿತ ಮಗು ನಾಚಬೇಕಿಲ್ಲ. ಆದರೆ ಅನ್ನವನ್ನು ಬಿಟ್ಟಿಯೆಂದು ಹಗುರವಾಗಿ ಕಾಣಲೂಬಾರದು.

ಒಂದು ತುತ್ತಿನ ಲೆಕ್ಕ

ಬಿಟ್ಟಿಯಲ್ಲ ಎಂಬುದಕ್ಕೆ ಆ ದಾರಿಯೇ ಸಾಕ್ಷಿ. ಕಾಫಿ, ಅಡಿಕೆ, ಮೆಣಸು ಬೆಳೆಯುವ ಈ ಗುಡ್ಡಗಳಲ್ಲಿ ಗದ್ದೆಗಳು ಕಡಿಮೆ. ಸಾವಿರಾರು ಜನರ ಅಡುಗೆಗೆ ಬೇಕಾದ ಸಾಮಾನು ಘಾಟಿ ಹತ್ತಿ ಬರಬೇಕು. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ್ದುಂಟು, ಕಳಸ–ಹೊರನಾಡು ಸಂಪರ್ಕ ಕಡಿದದ್ದುಂಟು. ಯಾರದೋ ಕಾಣಿಕೆ, ಯಾರದೋ ಬೆಳೆ, ಯಾರದೋ ಬೆವರು ಸೇರಿ ಅನ್ನವಾಗುತ್ತದೆ.

ಶಾಲೆಯ ಮಕ್ಕಳು ಮಾಡಬಹುದಾದ ಸಣ್ಣ ಲೆಕ್ಕವಿದೆ. ಒಬ್ಬೊಬ್ಬರು ಬರೀ 25 ಗ್ರಾಂ, ಅಂದರೆ ಒಂದು ಸಣ್ಣ ತುತ್ತು ಅನ್ನ ಬಿಟ್ಟರೆ, ಸಾವಿರ ಜನರಿಂದ 25 ಕಿಲೋ. ಒಬ್ಬರ ಊಟಕ್ಕೆ 400 ಗ್ರಾಂ ಅನ್ನವೆಂದರೂ ಅದು 62 ಜನರ ಪಾಲು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಹೆಚ್ಚಿನ ಪಾಲು ಹೋಟೆಲುಗಳದ್ದಲ್ಲ, ಮನೆಗಳದ್ದು. ಬಟ್ಟಲು ತುಂಬ ವ್ಯಂಜನ ಬಡಿಸುವ ದಕ್ಷಿಣ ಕೊರಿಯಾಕ್ಕೂ ಈ ಬಿಸಿ ತಟ್ಟಿತು. ಆಹಾರದ ಕಸವನ್ನು ನೇರವಾಗಿ ಗುಂಡಿಗೆ ಸುರಿಯುವುದನ್ನು ಅದು 2005ರಲ್ಲಿ ನಿಷೇಧಿಸಿತು. ಕಸದ ಪ್ರಮಾಣಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕೆಂಬ ನಿಯಮ 2013ರಿಂದ ಜಾರಿಗೆ ಬಂತು. ಅಲ್ಲಿ ಬಿಟ್ಟ ಅನ್ನಕ್ಕೂ ಬಿಲ್ಲು ಬರುತ್ತದೆ!

ಹೊರನಾಡಿನಲ್ಲಿ ಬಿಲ್ಲು ಬರುವುದಿಲ್ಲ. ಬಿಟ್ಟ ಅನ್ನಕ್ಕೆ ದಂಡ ಹಾಕುವ ಅಧಿಕಾರಿಯೂ ಇಲ್ಲ. ಇರುವುದು ಪಕ್ಕದಲ್ಲಿ ಕುಳಿತ ಅಪ್ಪ–ಅಮ್ಮ ಮಾತ್ರ. ಅವರು “ಬಿಡಬೇಡ ಮಗಾ” ಎಂದು ಹೇಳಿ ತಾವೇ ಅರ್ಧ ಬಿಟ್ಟು ಎದ್ದರೆ ಆ ಪಾಠ ಅಲ್ಲಿಗೇ ಮುಗಿಯಿತು. ಮಾತಾಡದೆ ಬೆರಳಿನಿಂದ ಬಳಿದು ಕೊನೆಯ ಅಗುಳನ್ನೂ ಮುಗಿಸಿದರೆ, ಹುಡುಗ ಓರೆಗಣ್ಣಿನಲ್ಲಿ ನೋಡಿಯೇ ಇರುತ್ತಾನೆ.

ಪರೀಕ್ಷೆಗೆ ಮುಂಚೆ ಹರಕೆ ಹೊತ್ತು, ಫಲಿತಾಂಶದ ಮೇಲೆ ಹರಕೆ ತೀರಿಸಲು ಬರುವ ಕುಟುಂಬಗಳು ಈ ಬೆಟ್ಟಗಳಲ್ಲಿ ಅಪರೂಪವಲ್ಲ. ಅಂಕಗಳು ಕೆಲವು ವರ್ಷಗಳಲ್ಲಿ ಮರೆತುಹೋಗುತ್ತವೆ. ಅಪರಿಚಿತರ ನಡುವೆ ಕುಳಿತು, ಎಲ್ಲರಿಗೂ ಬಡಿಸುವ ತನಕ ಕಾದು, ಅಗುಳು ಬಿಡದೆ ಉಂಡು ಎದ್ದ ಅಭ್ಯಾಸ ಕೈಗೆ ಅಂಟಿಕೊಂಡರೆ ಆ ಪ್ರಯಾಣ ಸಾರ್ಥಕ. ನಾಳೆ ಅದೇ ಹುಡುಗ ಹಾಸ್ಟೆಲಿನಲ್ಲಿ, ತಟ್ಟೆಯ ಮುಂದೆ ಮಂಕಾಗಿ ಕುಳಿತ ಗೆಳೆಯನನ್ನು “ಊಟ ಆಯ್ತೇನೋ?” ಎಂದು ಕೇಳಿದರೆ, ಹೊರನಾಡಿನ ಊಟದ ಋಣ ಅಷ್ಟರಮಟ್ಟಿಗೆ ತೀರಿದಂತೆ.