ಹಾಡೋನಹಳ್ಳಿಯ ಹೊಲಕ್ಕೆ ಎಷ್ಟು ಅಂಕ?

ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕೇಂದ್ರದ ಮೂಲಕವೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಹುಟ್ಟಿದ ತಳಿಗಳು, ಬೇಸಾಯ ಪದ್ಧತಿಗಳು ಸುತ್ತಲಿನ ರೈತರ ಕೈ ಸೇರುತ್ತವೆ. ಈ ಭಾಗದಲ್ಲಿ ರಾಗಿ ಬಿತ್ತನೆ ಬೀಜದ ಮಾತು ಬಂದರೆ ಸಾಕು, ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಜಿಪಿಯು-28. ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲದಿಂದ ದಕ್ಷಿಣ ಕರ್ನಾಟಕದ ರಾಗಿ ಹೊಲಗಳ ದೊಡ್ಡ ಪಾಲನ್ನು ಈ ಒಂದು ತಳಿ ಹಿಡಿದುಕೊಂಡಿದೆ.

ಇದನ್ನು ಕೊಟ್ಟ ಸಂಶೋಧನೆಯ ಬೆಲೆ ಎಷ್ಟು? ರೈತರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ವಿಶ್ವವಿದ್ಯಾಲಯಗಳ ಯೋಗ್ಯತೆ ಅಳೆಯಲು ನಾವು ಕಟ್ಟಿಕೊಂಡಿರುವ ವ್ಯವಸ್ಥೆಗೆ ಮಾತ್ರ ಇದರ ಉತ್ತರ ಸುಲಭಕ್ಕೆ ಸಿಗುವುದಿಲ್ಲ.

ಕೇಂದ್ರ ಸರ್ಕಾರ 2015ರಲ್ಲಿ ರೂಪಿಸಿ 2016ರಿಂದ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಸಂಶೋಧನೆಗೆ ಶೇ 30ರಷ್ಟು ತೂಕವಿದೆ. ಎಷ್ಟು ಪ್ರಬಂಧ ಪ್ರಕಟವಾದವು, ಅವನ್ನು ಎಷ್ಟು ಮಂದಿ ಉಲ್ಲೇಖಿಸಿದರು, ಪೇಟೆಂಟ್ ಎಷ್ಟು, ಯೋಜನೆಗಳ ಹೆಸರಿನಲ್ಲಿ ಎಷ್ಟು ಹಣ ಬಂತು ಎಂಬುದು ಅಲ್ಲಿನ ಲೆಕ್ಕ. ಪ್ರಬಂಧಗಳ ಅಂಕಿಯನ್ನು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಜಾಗತಿಕ ದತ್ತಾಂಶ ಕೋಶಗಳಿಂದ ಎತ್ತಿಕೊಳ್ಳುತ್ತಾರೆ. ಬೆಂಗಳೂರಿನ ನಾಗರಬಾವಿಯಲ್ಲೇ ಕಚೇರಿ ಇರುವ ನ್ಯಾಕ್ ಸಂಸ್ಥೆ ಕಾಲೇಜುಗಳಿಗೆ ಗ್ರೇಡ್ ಕೊಡುವಾಗಲೂ ಪ್ರಕಟಣೆಗಳ ಪಟ್ಟಿ ಕೇಳುತ್ತದೆ. 2010ರಲ್ಲಿ ಯುಜಿಸಿ ತಂದ ಎಪಿಐ ಅಂಕಗಳ ಪದ್ಧತಿಯಂತೂ ಅಧ್ಯಾಪಕರ ಬಡ್ತಿಯನ್ನು ನೇರವಾಗಿ ಈ ಪಟ್ಟಿಗೆ ಕಟ್ಟಿಹಾಕಿತು.

ಅದರ ಪರಿಣಾಮ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಪದವಿ ಕಾಲೇಜುಗಳವರೆಗೂ ಬಂತು. ವಾರವಿಡೀ ತರಗತಿ, ಪರೀಕ್ಷಾ ಕೆಲಸ, ಮೌಲ್ಯಮಾಪನಗಳಲ್ಲಿ ಮುಳುಗಿರುವ, ಒಳ್ಳೆಯ ಗ್ರಂಥಾಲಯವಾಗಲಿ ಪ್ರಯೋಗಾಲಯವಾಗಲಿ ಇಲ್ಲದ ಅಧ್ಯಾಪಕ ಬಡ್ತಿಗಾಗಿ ಸಂಶೋಧನಾ ಲೇಖನ ಪ್ರಕಟಿಸಲೇಬೇಕಾಯಿತು. ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯುತ್ತದೆ. ಹಣ ಕಟ್ಟಿದರೆ ವಾರದೊಳಗೆ ಲೇಖನ ಅಚ್ಚು ಹಾಕುವ ಜರ್ನಲ್‌ಗಳು ದೇಶದ ತುಂಬ ಹುಟ್ಟಿಕೊಂಡವು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿಗೆ ಕೊಟ್ಟಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಏಟಿಗೆ ತೆಗೆದುಹಾಕಬೇಕಾಯಿತು. ಆಮೇಲೆ ಬಂದ ಯುಜಿಸಿ-ಕೇರ್ ಪಟ್ಟಿಯೂ 2025ರಲ್ಲಿ ನಿಂತುಹೋಯಿತು. ಇದರಲ್ಲಿ ಅಧ್ಯಾಪಕರನ್ನಷ್ಟೇ ದೂರುವುದು ಅನ್ಯಾಯ. ಬೋಧನೆಯೇ ಕಸುಬಾದವರನ್ನು ಪ್ರಬಂಧಗಳ ಸಂಖ್ಯೆಯಿಂದ ಅಳೆಯಲು ಹೊರಟಾಗಲೇ ದಾರಿ ತಪ್ಪಿತ್ತು.

ಉಲ್ಲೇಖಗಳನ್ನು ಎಣಿಸುವ ಪದ್ಧತಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದರ ಮೂಲ ಉದ್ದೇಶ ಬೇರೆ ಇತ್ತು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಉಲ್ಲೇಖಗಳ ಸೂಚಿ ಹೊರತಂದದ್ದು ಒಂದು ವಿಚಾರ ಯಾರಿಂದ ಯಾರಿಗೆ ಹರಿಯಿತು ಎಂದು ಹುಡುಕಲು ಅನುಕೂಲವಾಗಲಿ ಎಂದು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಯಾವ ಜರ್ನಲ್ ಆರಿಸಿಕೊಳ್ಳಬೇಕು ಎಂದು ತೀರ್ಮಾನಿಸುವವರಿಗೆ ಸಹಾಯವಾಗಲಿ ಎಂದು ಬಂದ ಅಂಕಿ. ಜರ್ನಲ್‌ಗೆ ಮಾಡಿದ ಅಳತೆಗೋಲನ್ನು ಮನುಷ್ಯರ ಮೇಲೆ ಇಟ್ಟದ್ದು ಆಮೇಲಿನವರು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಸೂಚಿಸಿದರು. ಕನಿಷ್ಠ ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಪ್ರಬಂಧ ನಿಮ್ಮ ಹೆಸರಿನಲ್ಲಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಹತ್ತು. ಲೆಕ್ಕ ಸುಲಭವಾದ್ದರಿಂದ ಆಡಳಿತಗಾರರಿಗೆ ಬಲು ಇಷ್ಟವಾಯಿತು.

ಈಗ ಈ ಅಳತೆಗೋಲು ಹಿಡಿದು ರಾಗಿ ಹೊಲಕ್ಕೆ ಇಳಿಯೋಣ.

ರಾಗಿಯನ್ನು ಸಂಕರ ಮಾಡುವುದು ತಾಳ್ಮೆಯ ಕೆಲಸ. ಹೂವು ಕಣ್ಣ ಹತ್ತಿರ ಹಿಡಿದರೂ ಸರಿಯಾಗಿ ಕಾಣದಷ್ಟು ಚಿಕ್ಕದು. ಅರಳುವುದು ನಡುರಾತ್ರಿ ಕಳೆದ ಮೇಲೆ, ಸುಮಾರು ಒಂದರಿಂದ ಐದು ಗಂಟೆಯೊಳಗೆ. ತನ್ನ ಪರಾಗವನ್ನು ತಾನೇ ಪಡೆಯುವ ಗಿಡ ಅದು. ಹೊರಗಿನ ಪರಾಗಕ್ಕೆ ಅವಕಾಶವೇ ಕಡಿಮೆ. ಹಾಗಾಗಿ ತಳಿಶಾಸ್ತ್ರಜ್ಞರು ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಅದರದೇ ಪರಾಗವನ್ನು ನಿಷ್ಕ್ರಿಯ ಮಾಡುತ್ತಾರೆ, ಇಲ್ಲವೇ ಎರಡು ಗಿಡಗಳ ತೆನೆಗಳನ್ನು ಒತ್ತಾಗಿ ಸೇರಿಸಿ ಕಟ್ಟುತ್ತಾರೆ. ಸಿಕ್ಕ ಕಾಳುಗಳನ್ನು ಬಿತ್ತಿ, ಮೊಳೆತ ಪೈರಿನಲ್ಲಿ ನಿಜವಾದ ಸಂಕರ ಯಾವುದೆಂದು ಹುಡುಕಬೇಕು. ಅಲ್ಲಿಂದ ಮುಂದೆ ಆರೇಳು ಪೀಳಿಗೆ ಬೆಳೆಸಿ, ಪ್ರತಿ ಸಲವೂ ಆರಿಸಿ, ಕೇಂದ್ರದ ತಾಕಿನಲ್ಲಿ, ಹಲವು ಊರುಗಳಲ್ಲಿ, ಕೊನೆಗೆ ರೈತರ ಹೊಲದಲ್ಲೇ ಪರೀಕ್ಷಿಸಬೇಕು. ಒಂದು ತಳಿ ಹೊರಬರಲು ಹತ್ತು ವರ್ಷ ಹಿಡಿಯುವುದು ಅಪರೂಪವಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಎಣಿಸುವುದು ಹಿಂದಿನ ಎರಡು ವರ್ಷದ ಲೇಖನಗಳಿಗೆ ಬಂದ ಉಲ್ಲೇಖಗಳನ್ನಷ್ಟೇ ಎಂಬುದು ಇಲ್ಲಿ ನೆನಪಿರಲಿ.

ಈ ಕೆಲಸದಲ್ಲಿ ಕನ್ನಡನಾಡು ಮರೆಯಬಾರದ ಹೆಸರು ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ಕರೆದದ್ದು ರಾಗಿ ಲಕ್ಷ್ಮಣಯ್ಯ ಎಂದೇ. ಮಂಡ್ಯದ ವಿ.ಸಿ. ಫಾರಂನಲ್ಲಿ ದಶಕಗಳ ಕಾಲ ರಾಗಿಯೊಂದನ್ನೇ ಹಿಡಿದು ಕೂತು ಅರುಣಾ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಆಮೇಲೆ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಸಂಕರ ಮಾಡಿ ಇಂಡಾಫ್ ಸರಣಿಯನ್ನು ತಂದರು. ನೆಲಮಂಗಲದಿಂದ ಹೊಸಕೋಟೆಯವರೆಗೆ ಹಿರಿಯ ರೈತರಿಗೆ ಇಂಡಾಫ್ ಎಂದರೆ ಇವತ್ತಿಗೂ ವಿವರಿಸಿ ಹೇಳಬೇಕಾಗಿಲ್ಲ.

ಇಂಡಾಫ್ ತಳಿಗಳಿಗೆ ಕುತ್ತಿಗೆ ಬೆಂಕಿರೋಗ ಕಾಡಿತು. ತೆನೆಯ ಬುಡ ಕಪ್ಪಾಗಿ ಕಾಳು ಜೊಳ್ಳಾಗುವ, ಬೆಳೆ ಕೈಗೆ ಬರುವ ಹೊತ್ತಿಗೆ ಮನೆ ಮುರಿಯುವ ರೋಗ ಅದು. ಜಿಕೆವಿಕೆಯ ವಿಜ್ಞಾನಿಗಳು ಈ ರೋಗ ತಡೆಯುವ ಗುಣವಿದ್ದ ಐಇ 1012 ಎಂಬ ರಾಗಿಯನ್ನು ಇಂಡಾಫ್-9ರ ಜೊತೆ ಸೇರಿಸಿ, ಅದರಿಂದ ಬಂದುದನ್ನು ಇಂಡಾಫ್-5ರ ಜೊತೆ ಸಂಕರ ಮಾಡಿ ಪಡೆದದ್ದೇ ಜಿಪಿಯು-28. ಅಂದರೆ ಲಕ್ಷ್ಮಣಯ್ಯನವರ ದುಡಿಮೆ ಆ ಬೀಜದೊಳಗೇ ಇದೆ. ಸಂಶೋಧಕನೊಬ್ಬ ಹಿಂದಿನವರ ಪ್ರಬಂಧವನ್ನು ಉಲ್ಲೇಖಿಸಿದರೆ ಅದಕ್ಕೆ ಅಂಕವಿದೆ. ತಳಿಯೊಂದು ಹಿಂದಿನ ತಳಿಯನ್ನು ತನ್ನ ವಂಶದಲ್ಲೇ ಹೊತ್ತು ಲಕ್ಷಾಂತರ ಎಕರೆಯಲ್ಲಿ ಬೆಳೆದರೆ ಆ ಉಲ್ಲೇಖವನ್ನು ಯಾವ ದತ್ತಾಂಶ ಕೋಶವೂ ಎಣಿಸುವುದಿಲ್ಲ. ಈ ಕೊರತೆ ನನಗೆ ಸಣ್ಣದೆಂದು ಅನ್ನಿಸುವುದಿಲ್ಲ. ಯಾವುದಕ್ಕೆ ಅಂಕವಿದೆಯೋ ಆ ಕಡೆಗೇ ಯುವ ವಿಜ್ಞಾನಿಗಳು ಹೋಗುತ್ತಾರೆ, ಹೋಗಲೇಬೇಕು. ಹತ್ತು ವರ್ಷ ಹೊಲದಲ್ಲಿ ಕಳೆದು ಒಂದು ತಳಿ ಕೊಡುವುದಕ್ಕಿಂತ ಅದೇ ಅವಧಿಯಲ್ಲಿ ಮೂವತ್ತು ಪ್ರಬಂಧ ಬರೆಯುವುದು ಲಾಭ ಎಂಬ ವಾತಾವರಣ ಬಂದರೆ ಮುಂದಿನ ಬೆಂಕಿರೋಗಕ್ಕೆ ಉತ್ತರ ಕೊಡುವವರು ಯಾರು?

ಹಾಗಾದರೆ ಪರಿಣಾಮವನ್ನೇ ಅಳೆಯಬಹುದಲ್ಲ ಎಂಬ ವಾದವಿದೆ. ಅದಕ್ಕೂ ಹಳೆಯ ಚರಿತ್ರೆ ಇದೆ. 1958ರಲ್ಲಿ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳದ ಸಂಶೋಧನೆಗೆ ಸುರಿದ ಹಣವನ್ನೂ ಅದರಿಂದ ಸಮಾಜಕ್ಕೆ ಬಂದ ಲಾಭವನ್ನೂ ಎದುರುಬದುರಿಟ್ಟು, ಹೂಡಿಕೆಗೆ ವರ್ಷಕ್ಕೆ ಶೇ 700ರಷ್ಟು ಪ್ರತಿಫಲ ಬಂದಿದೆ ಎಂದು ತೋರಿಸಿದರು. ಕೃಷಿ ಸಂಶೋಧನೆಗೆ ಸರ್ಕಾರ ಏಕೆ ಹಣ ಕೊಡಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಈ ಲೆಕ್ಕ ನೆರವಿಗೆ ಬಂದಿದೆ. ಆದರೆ ಅದು ಗೆದ್ದ ಸಂಶೋಧನೆಯ ಲೆಕ್ಕ. ಸೋತವುಗಳ ಖರ್ಚನ್ನೂ ಯಾರಾದರೂ ಭರಿಸಿರುತ್ತಾರೆ, ಸೋಲದೆ ಗೆಲುವು ಸಿಕ್ಕಿರುವುದಿಲ್ಲ. ಬ್ರಿಟನ್ 2014ರಿಂದ ವಿಶ್ವವಿದ್ಯಾಲಯಗಳ ಮೌಲ್ಯಮಾಪನದಲ್ಲಿ ಸಮಾಜದ ಮೇಲಿನ ಪರಿಣಾಮಕ್ಕೆ ಶೇ 20 ಅಂಕ ಇಟ್ಟಿತು, 2021ರಲ್ಲಿ ಅದನ್ನು ಶೇ 25ಕ್ಕೆ ಏರಿಸಿತು. ಪ್ರತಿ ವಿಭಾಗವೂ ತನ್ನ ಸಂಶೋಧನೆಯಿಂದ ಹೊರಗಿನ ಬದುಕಿನಲ್ಲಿ ಏನು ಬದಲಾಯಿತು ಎಂದು ಪುರಾವೆ ಸಮೇತ ಕಥನ ಬರೆಯಬೇಕು. ಮೊದಲ ಸುತ್ತಿನಲ್ಲೇ ಸುಮಾರು ಏಳು ಸಾವಿರ ಕಥನ ಬಂದವು. ಖರ್ಚಿನ ಕೆಲಸ, ನಿಜ. ಆದರೂ ಸಂಶೋಧಕ ತನ್ನ ಕೆಲಸ ಯಾರ ಮನೆ ತಲುಪಿತು ಎಂದು ಒಮ್ಮೆಯಾದರೂ ಹುಡುಕಿಕೊಂಡು ಹೋಗುವಂತಾಯಿತಲ್ಲ, ಅದು ಒಳ್ಳೆಯದು.

ನಮ್ಮ ಜಿಲ್ಲೆಯಲ್ಲಿ ಇದನ್ನು ಮಾಡಹೊರಟರೆ ಬೇರೊಂದು ತೊಡಕು ಎದುರಾಗುತ್ತದೆ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿನ ಹೊಲಗಳು ಲೇಔಟ್‌ಗಳಾದವು, ಗೋದಾಮುಗಳಾದವು, ಹಲವು ಕಡೆ ಖಾಸಗಿ ವಿಶ್ವವಿದ್ಯಾಲಯಗಳ ಆವರಣಗಳೂ ಆದವು. ರಾಗಿಯ ಎಕರೆ ಕಡಿಮೆಯಾಯಿತು ಎಂದರೆ ತಳಿ ಸೋತಿತು ಎಂದಲ್ಲ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಆದರೆ ಚಕ್ಕೋತದ ಮರ ನಿಲ್ಲುವ ತೋಟಗಳೇ ಕರಗಿವೆ. ಮಳೆ, ಮಾರುಕಟ್ಟೆ, ಬೆಂಬಲ ಬೆಲೆ, ಭೂಮಿಯ ದರ ಎಲ್ಲ ಸೇರಿ ಆದ ಫಲಿತಾಂಶದಲ್ಲಿ ಸಂಶೋಧನೆಯ ಪಾಲನ್ನು ಬಿಡಿಸಿ ತೆಗೆಯುವುದು ಕಷ್ಟ. ಕೃಷಿ ವಿಜ್ಞಾನ ಕೇಂದ್ರಗಳ ವರದಿಗಳಲ್ಲಿ ಎಷ್ಟು ತರಬೇತಿ, ಎಷ್ಟು ಮುಂಚೂಣಿ ಪ್ರಾತ್ಯಕ್ಷಿಕೆ, ಎಷ್ಟು ಮಂದಿ ಹಾಜರಿ ಎಂಬ ಅಂಕಿಗಳಿರುತ್ತವೆ. ಅವು ಬೇಕು. ತರಬೇತಿಗೆ ಬಂದ ರೈತ ಮುಂದಿನ ಮುಂಗಾರಿಗೆ ಆ ಬೀಜವನ್ನೇ ಬಿತ್ತಿದನೇ ಎಂಬುದು ಮಾತ್ರ ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕೊಡುವ ಒಂದು ದಾಖಲೆ ಸರ್ಕಾರದ ಬಳಿ ಈಗಾಗಲೇ ಇದೆ. ವಿಶ್ವವಿದ್ಯಾಲಯ ತಳಿವರ್ಧಕ ಬೀಜ ಕೊಡುತ್ತದೆ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ ತಯಾರಾಗಿ ರೈತ ಸಂಪರ್ಕ ಕೇಂದ್ರಕ್ಕೆ ಬರುತ್ತದೆ. ಪ್ರತಿ ವರ್ಷ ಯಾವ ತಳಿಯ ತಳಿವರ್ಧಕ ಬೀಜ ಎಷ್ಟು ಬೇಕು ಎಂದು ರಾಜ್ಯಗಳು ಮುಂಗಡ ಬೇಡಿಕೆ ಸಲ್ಲಿಸುತ್ತವೆ. ಹತ್ತಾರು ವರ್ಷ ಕಳೆದರೂ ಒಂದು ತಳಿಗೆ ಬೇಡಿಕೆ ಬರುತ್ತಲೇ ಇದ್ದರೆ ಅದಕ್ಕಿಂತ ದೊಡ್ಡ ಉಲ್ಲೇಖ ಯಾವುದು? ರಾಗಿ ಬೆಳೆಗಾರರಲ್ಲಿ ಬಹಳ ಮಂದಿ ಕಣದಲ್ಲೇ ಒಳ್ಳೆಯ ತೆನೆ ಆರಿಸಿ ಮನೆಯ ಬೀಜ ಇಟ್ಟುಕೊಳ್ಳುತ್ತಾರೆ, ನೆಂಟರಿಗೂ ಕೊಡುತ್ತಾರೆ. ಅದು ಈ ದಾಖಲೆಗೂ ಸಿಗುವುದಿಲ್ಲ. ಆದರೂ ಬಡ್ತಿ ಸಮಿತಿಯ ಮುಂದೆ, ರ‍್ಯಾಂಕಿಂಗ್ ಅರ್ಜಿಯಲ್ಲಿ ಈ ಬೇಡಿಕೆಯ ಅಂಕಿಗೂ ಪ್ರಬಂಧದಷ್ಟೇ ತೂಕ ಸಿಗಬೇಕು. ಅದಕ್ಕೆ ಹೊಸ ಕಾನೂನು ಬೇಡ, ಇರುವ ಕಡತ ತೆರೆದರೆ ಸಾಕು.

ಕೃಷಿಯ ಹೊರಗೂ ಇದೇ ಪಾಡು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ 1905ರಲ್ಲಿ ಬಂತು. ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಅದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಊರೂರಿನ ಕಲ್ಲುಗಳ ಪಾಠ ಅದರಲ್ಲಿದೆ. ಗಂಗರ ಮಣ್ಣೆಯ ಬಗ್ಗೆ ಬರೆಯುವವರು ಇವತ್ತಿಗೂ ಅದನ್ನು ತೆರೆಯದೆ ಮುಂದೆ ಹೋಗಲಾರರು. ಈಚೆಗೆ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಲು ಹೊರಟಾಗಲೂ ಹಳೆಯ ಸಂಪುಟವೇ ಊರಿನ ದಾರಿ ತೋರಿಸಿತು. ನೂರ ಇಪ್ಪತ್ತು ವರ್ಷ ಬಾಳುವ ಸಂಶೋಧನೆಗೆ ಎರಡು ವರ್ಷದ ಕಿಟಕಿಯಲ್ಲಿ ಎಷ್ಟು ಅಂಕ ಸಿಕ್ಕೀತು? ಕನ್ನಡದಲ್ಲೇ ಬರೆಯುವ ಇತಿಹಾಸ, ಜಾನಪದ, ಭಾಷಾಶಾಸ್ತ್ರದ ಸಂಶೋಧಕರ ಕೆಲಸದಲ್ಲಿ ಸ್ಕೋಪಸ್‌ಗೆ ಕಾಣುವ ಭಾಗ ತೀರಾ ಕಡಿಮೆ.

ಇಷ್ಟು ಹೇಳಿದ ಮೇಲೆ ಪ್ರಬಂಧದ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಅದಕ್ಕೆ ಅವರೆಕಾಯಿಗಿಂತ ಒಳ್ಳೆಯ ಸಾಕ್ಷಿ ಸಿಗದು. ನಾಟಿ ಅವರೆ ಹಗಲು ಗಿಡ್ಡವಾಗುವ ಚಳಿಗಾಲದಲ್ಲಷ್ಟೇ ಹೂ ಬಿಡುತ್ತಿತ್ತು. ರಾಗಿ ಸಾಲುಗಳ ನಡುವೆ ಅಕ್ಕಡಿಯಾಗಿ ಬೆಳೆದು ಸಂಕ್ರಾಂತಿಯ ಹೊತ್ತಿಗೆ ಅಡುಗೆಮನೆಗೆ ಬರುತ್ತಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಆಮೇಲಿನ ಹೆಬ್ಬಾಳ ಅವರೆ-4 ಹಗಲಿನ ಉದ್ದಕ್ಕೆ ಕಟ್ಟುಬೀಳದೆ ವರ್ಷದ ಯಾವ ಕಾಲದಲ್ಲೂ ಕಾಯಿ ಕೊಡುವ ತಳಿಗಳು. ಗಿಡ ಗಿಡ್ಡ, ಅವಧಿ ಕಡಿಮೆ, ಹಂಗಾಮು ಎಷ್ಟಾದರೂ ಉಂಟು. ಇಳುವರಿ, ಅವಧಿ, ಆದಾಯ, ಯಾವ ಅಳತೆ ಹಿಡಿದರೂ ಗೆದ್ದ ಸಂಶೋಧನೆ.

ಕೊಳ್ಳುವವರು ಮಾತ್ರ ಕಾಯಿಯನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು. ಸೊಗಡು ಸಾಲದು ಎಂದರು. ಸಿಪ್ಪೆಯ ಮೇಲೆ ಅಂಟಂಟಾದ ಎಣ್ಣೆಯಂಥ ಪಸೆ, ಬಿಡಿಸಿದ ಬೆರಳಿಗೆ ಮರುದಿನದವರೆಗೂ ಉಳಿಯುವ ಆ ವಾಸನೆ ಇಲ್ಲದಿದ್ದರೆ ಅದು ಅವರೆಯೇ ಅಲ್ಲ ಎನ್ನುವವರು ಈ ಭಾಗದಲ್ಲಿ ಮನೆಮನೆಯಲ್ಲಿದ್ದಾರೆ. ಮಾರುಕಟ್ಟೆಯಲ್ಲಿ ಸೊಗಡಿನ ಕಾಯಿಗೆ ಬೆಲೆಯೇ ಬೇರೆ. ತಳಿ ಬಿಡುಗಡೆಯ ಯಾವ ನಮೂನೆಯಲ್ಲೂ ಇಲ್ಲದ ಗುಣವೊಂದು ಹೀಗೆ ಸಂತೆಯಿಂದ ಜಿಕೆವಿಕೆಗೆ ವಾಪಸು ಹೋಯಿತು.

ಅಲ್ಲಿ ತಳಿಶಾಸ್ತ್ರಜ್ಞರ ನೆರವಿಗೆ ಬಂದದ್ದು ಹಳೆಯ ಪ್ರಬಂಧ. ಅವರೆಕಾಯಿಯ ಪಸೆಯಲ್ಲಿ ಏನೇನಿದೆ ಎಂದು ರಸಾಯನಶಾಸ್ತ್ರಜ್ಞರು 1979ರಷ್ಟು ಹಿಂದೆಯೇ ಬಿಡಿಸಿ ನೋಡಿ ಕೆಲವು ಕೊಬ್ಬಿನಾಮ್ಲಗಳನ್ನು ಗುರುತಿಸಿದ್ದರು. ರೈತರ ಆದಾಯ ಹೆಚ್ಚಿಸಲು ಮಾಡಿದ ಕೆಲಸವಾಗಿರಲಿಲ್ಲ ಅದು, ಬರಿಯ ಕುತೂಹಲದ ರಸಾಯನಶಾಸ್ತ್ರ. ಪರಿಣಾಮದ ಕಥನ ಬರೆದುಕೊಡಿ ಎಂದು ಆ ವರ್ಷವೇ ಕೇಳಿದ್ದರೆ ಅವರ ಬಳಿ ಬರೆಯಲು ಏನೂ ಇರುತ್ತಿರಲಿಲ್ಲ. ಈಗ ಸೊಗಡು ಯಾವ ಸಾಲಿನಲ್ಲಿದೆ, ಅದು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತದೆ ಎಂಬುದೇ ಅವರೆ ಸಂಶೋಧನೆಯ ಒಂದು ವಿಷಯವಾಗಿದೆ. ಹೊಸ ಸಾಲುಗಳನ್ನು ಪರಿಶೀಲಿಸುವಾಗ ಕಾಯಿಯ ಸಂಖ್ಯೆ, ತೂಕ, ಹೂ ಬಿಡುವ ದಿನಗಳ ಜೊತೆ ಸೊಗಡಿಗೂ ಒಂದು ಕಾಲಂ ಬಂದಿದೆ.