ಬಳ್ಳಿಗಾವೆಯ ಕೋಡಿಯಮಠ: ವಿದ್ಯಾದಾನವೂ ಔಷಧದಾನವೂ

ಪ್ರಾಚೀನ ಕರ್ಣಾಟಕದ ಪಟ್ಟಣಗಳಲ್ಲಿ ವಿದ್ಯೆಗೂ ಆರೋಗ್ಯಕ್ಕೂ ಆಶ್ರಯವನ್ನು ಕೊಟ್ಟವರು ಯಾರು, ಆ ಆಶ್ರಯವು ಯಾರ ಯಾರಿಗೆ ದೊರೆಯುತ್ತಿದ್ದಿತು ಎಂಬ ವಿಷಯವು ವಿಚಾರಾರ್ಹವಾದುದು. ಇದಕ್ಕೆ ಬಳ್ಳಿಗಾವೆಯ ಕ್ರಿ. ಶ. 1162ರ ಶಾಸನವು ಮುಖ್ಯವಾದ ಸಾಧನ.

ಈಗಿನ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆಯು ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದಿತು. ಅಲ್ಲಿ ದಕ್ಷಿಣ ಕೇದಾರೇಶ್ವರನ ದೇವಾಲಯಕ್ಕೆ ಸೇರಿದ ಕಾಳಾಮುಖರ ಮಠಕ್ಕೆ, ಅದು ಕೆರೆಯ ಕೋಡಿಯ ಬಳಿ ಇದ್ದುದರಿಂದ, ಕೋಡಿಯಮಠವೆಂಬ ಹೆಸರು ಬಂದಿತು. ಸಾಂಗವಾದ ನಾಲ್ಕು ವೇದಗಳು, ಕೌಮಾರ ಪಾಣಿನೀಯ ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಳಸಿದ್ಧಾಂತ, ಪಾತಂಜಲಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವುಗಳಿಗೆಲ್ಲ ಅದು ವ್ಯಾಖ್ಯಾನಸ್ಥಾನವೆಂದು ಶಾಸನವು ವರ್ಣಿಸುತ್ತದೆ. ಶೈವಮಠದಲ್ಲಿ ಜೈನವೈಯಾಕರಣನಾದ ಶಾಕಟಾಯನನಿಗೂ ಬೌದ್ಧದರ್ಶನಕ್ಕೂ ಸ್ಥಾನವಿದ್ದುದು ಗಮನಾರ್ಹ. ಇದಲ್ಲದೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ನಾನಾ ದೇಶಗಳ ಭಿಕ್ಷುಕರು ಇವರಿಗೆ ಅನ್ನವೂ, ರೋಗಪೀಡಿತರಿಗೆ ಚಿಕಿತ್ಸೆಯೂ ಅಲ್ಲಿ ದೊರೆಯುತ್ತಿದ್ದುವು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವೇದಾಧ್ಯಯನವು ಅಧಿಕಾರಿಭೇದಕ್ಕೆ ಒಳಪಟ್ಟುದು. ಅನ್ನೌಷಧಗಳಿಗಾದರೋ ಹಸಿವೂ ರೋಗವೂ ತಾವೇ ಅಧಿಕಾರ. ಆದುದರಿಂದ ಒಂದೇ ಮಠದಲ್ಲಿ ವಿದ್ಯೆಯ ಬಾಗಿಲು ಕಿರಿದಾಗಿಯೂ ಆರೋಗ್ಯದ ಬಾಗಿಲು ವಿಶಾಲವಾಗಿಯೂ ಇದ್ದುವೆಂದು ಊಹಿಸಬಹುದು.

ಈ ಶಾಸನದ ಕಾಲದಲ್ಲಿ ಆಳುತ್ತಿದ್ದವನು ಕಳಚುರ್ಯ ಬಿಜ್ಜಳ. ಚಾಳುಕ್ಯರ ಸಾಮಂತನಾಗಿದ್ದು ಅವರ ರಾಜ್ಯವನ್ನೇ ವಶಪಡಿಸಿಕೊಂಡ ಈ ಅರಸನು, ಚಾಳುಕ್ಯರ ಕಾಲದಲ್ಲಿಯೇ ದತ್ತಿಗಳನ್ನು ಪಡೆದಿದ್ದ ಮಠವನ್ನು ತಾನೂ ಪೋಷಿಸಿದನು. ಮುಂದೆ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿಯೂ ಈ ಸ್ಥಾನಕ್ಕೆ ದತ್ತಿಗಳು ಸಂದುವು. ಹೊಸ ಅಧಿಕಾರಕ್ಕೆ ಹಳೆಯ ಮಠದ ಮನ್ನಣೆಯು ಬೇಕು, ಮಠಕ್ಕೆ ಭೂಮಿಯ ಆದಾಯವು ಬೇಕು. ಈ ಪರಸ್ಪರಾಪೇಕ್ಷೆಯಿಂದಲೇ ರಾಜವಂಶಗಳು ಬದಲಾದರೂ ಮಠವು ಉಳಿಯಿತೆಂದು ಭಾವಿಸಬಹುದು.

ಆದರೆ ಪ್ರಶಸ್ತಿಯನ್ನೆಲ್ಲ ಲೆಕ್ಕವೆಂದು ಭಾವಿಸಲಾಗದು. ಚಿತ್ತಾಪುರ ತಾಲ್ಲೂಕಿನ ನಾಗಾವಿಯ 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ 200 ಮಂದಿ ವೇದವಿದ್ಯಾರ್ಥಿಗಳು, 52 ಮಂದಿ ಶಾಸ್ತ್ರವಿದ್ಯಾರ್ಥಿಗಳು, 6 ಮಂದಿ ಸರಸ್ವತೀಭಂಡಾರಿಗರು ಎಂದು ಎಣಿಸಿ ಹೇಳುತ್ತದೆ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ವೀರರಾಜೇಂದ್ರ ಚೋಳನ ಶಾಸನವು 15 ಹಾಸಿಗೆಗಳ ಆತುರಶಾಲೆಯನ್ನು ಹೇಳುತ್ತದೆ. ಕೋಡಿಯಮಠದ ವರ್ಣನೆಯಲ್ಲಿ ಇಂತಹ ಸಂಖ್ಯೆಗಳಿಲ್ಲ. ಅದು ಆ ಮಠವು ಏನಾಗಿರಬೇಕೆಂದು ಕಾಲವು ಬಯಸಿತೋ ಆ ಆದರ್ಶವನ್ನು ತಿಳಿಸುತ್ತದೆ. ಎಷ್ಟು ಮಂದಿ ಓದಿದರು, ಎಷ್ಟು ಮಂದಿ ಗುಣಹೊಂದಿದರು ಎಂಬುದನ್ನಲ್ಲ.

ಇದೇ ಬಿಜ್ಜಳನ ಕಾಲದಲ್ಲಿ ಕಲ್ಯಾಣದಲ್ಲಿ ಬಸವೇಶ್ವರನೂ ಇತರ ಶರಣರೂ ಕನ್ನಡ ವಚನಗಳ ಮೂಲಕ, ಅಧಿಕಾರಿಭೇದವನ್ನು ಲೆಕ್ಕಿಸದೆ, ಅರಿವನ್ನು ಹಂಚಿದರು. ದತ್ತಿಯಿಂದ ಬೆಳೆದ ವಿದ್ಯೆಯನ್ನೂ ಅದರ ಹೊರಗೆ ಬೆಳೆದ ವಿದ್ಯೆಯನ್ನೂ ಒಟ್ಟಿಗಿಟ್ಟು ನೋಡಿದಲ್ಲದೆ ಹನ್ನೆರಡನೆಯ ಶತಮಾನದ ಸಾಹಿತ್ಯವನ್ನು ಬೋಧಿಸುವುದು ಪೂರ್ಣವಾಗದು.