ಸುಟ್ಟ ಕೈಗೆ ಮೊದಲ 20 ನಿಮಿಷ

ನಮ್ಮ ಹೋಟೆಲುಗಳ ಅಡುಗೆ ಮನೆಯಲ್ಲಿ ಒಮ್ಮೆಯೂ ಕೈ ಸುಟ್ಟುಕೊಳ್ಳದ ಕೆಲಸಗಾರ ಸಿಗುವುದು ಅಪರೂಪ. “ಇದೆಲ್ಲ ಮಾಮೂಲು” ಎಂದು ಅವನೂ ಸುಮ್ಮನಿರುತ್ತಾನೆ, ಗಲ್ಲೆಯಲ್ಲಿ ಕುಳಿತ ನಾವೂ ಸುಮ್ಮನಿರುತ್ತೇವೆ. ಆದರೆ ಇಂದು ಬೊಬ್ಬೆಯೆದ್ದ ಕೈಯಲ್ಲಿ ನಾಳೆ ಕೀವಾದರೆ ಅವನ ದುಡಿಮೆಯೂ ನಿಲ್ಲುತ್ತದೆ, ನಮ್ಮ ಕೆಲಸವೂ ಕೆಡುತ್ತದೆ.

ಎಲ್ಲಿ, ಹೇಗೆ?

ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಮುಂಗೈಗೆ ಹೊಡೆಯುತ್ತದೆ. ಮೊದಲು ಒಲೆ ಆರಿಸಿ, ಮುಚ್ಚಳದ ಆಚೆ ಬದಿಯನ್ನು ಮೊದಲು ಎತ್ತಬೇಕು. ವಡೆ ಕಾಯುವ ಎಣ್ಣೆ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ನೀರು ತೊಟ್ಟಿಕ್ಕುವ ಸೌಟು ಅದರಲ್ಲಿ ಅದ್ದಿದರೆ ಎಣ್ಣೆ ಸಿಡಿಯದೆ ಇರದು. ಬಿಸಿ ಎಣ್ಣೆಯ ಬಾಣಲೆಯನ್ನು ಆರುವ ಮುನ್ನ ಸ್ಥಳಾಂತರಿಸಲೇ ಬಾರದು. ಪಾತ್ರೆ ಹಿಡಿಯಲು ಒದ್ದೆ ಬಟ್ಟೆ ಬೇಡ; ಒದ್ದೆ ಬಟ್ಟೆಯಲ್ಲಿ ಬಿಸಿ ಬೇಗ ಕೈಗೆ ತಾಗುತ್ತದೆ.

ಮುಂಬಯಿಯ ಇಕ್ಕಟ್ಟಾದ ಅಡುಗೆ ಮನೆಗಳಲ್ಲಿ ಸಾಂಬಾರು ಹೊತ್ತವನೂ ಖಾಲಿ ತಟ್ಟೆ ತರುವವನೂ ಒಂದೇ ಬಾಗಿಲಲ್ಲಿ ಎದುರಾಗುತ್ತಾರೆ. ಒಳಗೆ ಹೋಗಲು, ಹೊರಗೆ ಬರಲು ಬದಿ ಗೊತ್ತುಮಾಡಿ, ಬಿಸಿ ಹೊತ್ತವನು “ಗರಂ, ಗರಂ” ಎಂದು ಕೂಗುತ್ತ ಬರುವ ರೂಢಿ ಮಾಡಿಸಬೇಕು. ನೆಲದ ನೀರು, ಎಣ್ಣೆ ಕೂಡಲೇ ಒರೆಸಬೇಕು. ಹತ್ತಿಯ ಏಪ್ರನ್, ಜಾರದ ಮುಚ್ಚಿದ ಪಾದರಕ್ಷೆ ಒದಗಿಸಬೇಕು.

ಸುಟ್ಟ ಕೂಡಲೇ

ಉಂಗುರ, ಗಡಿಯಾರ ತೆಗೆದು, ಹರಿಯುವ ತಣ್ಣೀರಿನಡಿ 20 ನಿಮಿಷ ಕೈ ಹಿಡಿಯಬೇಕು. ಆ ಕ್ಷಣ ಆಗದಿದ್ದರೂ 3 ಗಂಟೆಯೊಳಗೆ ಮಾಡಿದರೆ ಪ್ರಯೋಜನವುಂಟು. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಕಾಫಿ ಪುಡಿ ಯಾವುದೂ ಬೇಡ. ಬೊಬ್ಬೆ ಒಡೆಯಬಾರದು. ಬಳಿಕ ಶುಭ್ರ ಬಟ್ಟೆಯಿಂದ ಸಡಿಲವಾಗಿ ಮುಚ್ಚಬೇಕು. ನಲ್ಲಿ ನೀರು ಹೊತ್ತು ಗೊತ್ತಿಗೆ ಬರುವ ಕಡೆ, ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರು ಕಾಯುವ ಕಡೆ, ನೆರಳಲ್ಲಿ ಇದಕ್ಕೆಂದೇ ತುಂಬಿದ ಬಕೆಟ್ಟು, ಚೊಂಬು ಇಟ್ಟುಕೊಳ್ಳುವುದು ಲೇಸು.

ವೈದ್ಯರಲ್ಲಿಗೆ ಯಾವಾಗ?

ಗಾಯ ಗಾಯಾಳುವಿನ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಕೈ, ಕೀಲುಗಳ ಮೇಲೆ ಬೊಬ್ಬೆಯೆದ್ದರೆ, ಚರ್ಮ ಬಿಳಿಚಿ ಅಥವಾ ಕರಕಾಗಿ ನೋವೇ ಇಲ್ಲದಿದ್ದರೆ, ವಿದ್ಯುತ್ತಿನಿಂದ ಸುಟ್ಟಿದ್ದರೆ ತಡಮಾಡಬಾರದು. ಧನುರ್ವಾತದ ಚುಚ್ಚುಮದ್ದಿನ ಬಗ್ಗೆಯೂ ಕೇಳಬೇಕು. ಭಾಯಖಳದ ಮಸೀನಾ ಆಸ್ಪತ್ರೆಯಲ್ಲಿ, ನವಿ ಮುಂಬಯಿ ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್‌ನಲ್ಲಿ ಸುಟ್ಟಗಾಯಕ್ಕೆ ಪ್ರತ್ಯೇಕ ಚಿಕಿತ್ಸೆಯಿದೆ. ಆಂಬುಲೆನ್ಸಿಗೆ 108. ಇ.ಎಸ್.ಐ. ಇರುವ ಕೆಲಸಗಾರನ ಗಾಯವನ್ನು ಅಪಘಾತ ಪುಸ್ತಕದಲ್ಲಿ ದಾಖಲಿಸಿ ವರದಿ ಮಾಡಬೇಕು. ಅದು ಅವನ ಚಿಕಿತ್ಸೆಗೂ ಭತ್ಯೆಗೂ ಆಧಾರ.

ಬೈಗುಳಕ್ಕೆ, ಸಂಬಳ ಕಡಿತಕ್ಕೆ ಹೆದರಿ ಗಾಯ ಮುಚ್ಚಿಡುವ ಹುಡುಗರು ನಮ್ಮಲ್ಲಿದ್ದಾರೆ. ಎಷ್ಟೇ ಗಿರಾಕಿಯಿರಲಿ, “ಕೆಲಸ ಬಿಡು, ನೀರಿನ ಹತ್ತಿರ ನಿಲ್ಲು” ಎಂಬ ಮಾತು ಮಾಲಕರ ಬಾಯಿಂದಲೇ ಬರಬೇಕು. ಮೇಲಿನ ಸೂಚನೆಗಳನ್ನು ಕನ್ನಡದ ಜೊತೆ ಹಿಂದಿಯಲ್ಲೂ ಬರೆಸಿ ಭಟ್ಟರ ಕಣ್ಣಿಗೆ ಬೀಳುವಲ್ಲಿ ಅಂಟಿಸಬೇಕಾಗಿ ಸದಸ್ಯ ಬಂಧುಗಳಲ್ಲಿ ವಿನಂತಿ.